ಹೊಲದ ನಡುವೆ ಬಲಿಪೀಠ: ಫಾದರ್ ಗಲಿಟ್ಸಿನ್

ಇಗರ್ಜಿಯ ಗಂಟೆ ನಮ್ಮ ಮನೆಯಂಗಳಕ್ಕೆ ಕೇಳಿಸುತ್ತದೆ; ಭಾನುವಾರದ ಪೂಜೆ ನಮಗೆ ತಪ್ಪುವುದಿಲ್ಲ. ಗುರುಗಳು ಕುದುರೆಯೇರಿ ಎಂದು ಬಂದಾರೆಂದು ತಿಂಗಳುಗಟ್ಟಲೆ ಕಾದು, ರೈತನ ಮನೆಯಲ್ಲೇ ನೆರೆದು ಬಲಿಪೂಜೆ ಕಂಡವರ ಪಾಡನ್ನು ನಾವು ಊಹಿಸುವುದು ಕಷ್ಟ. ಅಂತಹ ಜನರಿಗಾಗಿ ಅರಮನೆಯ ಸುಖ ತೊರೆದ ದೆಮೆಟ್ರಿಯಸ್ ಗಲಿಟ್ಸಿನ್ ಅವರನ್ನು ಈ ವಾರ ಸ್ಮರಿಸೋಣ.

ಅವರು ಹುಟ್ಟಿದ್ದು 1770ರ ಡಿಸೆಂಬರ್ 22ರಂದು, ಹಾಲೆಂಡಿನ ಹೇಗ್ ನಗರದಲ್ಲಿ. ತಂದೆ ರಷ್ಯಾದ ರಾಜಕುಮಾರ, ರಾಯಭಾರಿ, ವೋಲ್ಟೇರ್ ಮತ್ತು ದಿದರೋ ಅವರ ಮಿತ್ರ. ಮನೆಯಲ್ಲಿ ಧರ್ಮಕ್ಕೆ ಹೆಚ್ಚಿನ ಎಡೆಯಿರಲಿಲ್ಲ. ತಾಯಿ ಅಮಾಲಿಯಾ 1786ರಲ್ಲಿ ಕಥೋಲಿಕ ವಿಶ್ವಾಸಕ್ಕೆ ಮರಳಿದರು. ಮರುವರ್ಷ ಮಗನೂ ಅದನ್ನೇ ಅಪ್ಪಿಕೊಂಡರು. 1792ರಲ್ಲಿ ಲೋಕಾನುಭವಕ್ಕಾಗಿ ಅಮೆರಿಕೆಗೆ ಹೋದ ತರುಣ ಹಿಂದಿರುಗಲಿಲ್ಲ. ಬಾಲ್ಟಿಮೋರ್ ಗುರುಮಠ ಸೇರಿದರು. 1795ರ ಮಾರ್ಚ್‌ನಲ್ಲಿ ಬಿಷಪ್ ಜಾನ್ ಕ್ಯಾರೊಲ್ ಅವರಿಗೆ ಗುರುದೀಕ್ಷೆ ನೀಡಿದರು. ಎಲ್ಲ ದೀಕ್ಷೆಗಳನ್ನೂ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲೇ ಪಡೆದು ಗುರುವಾದವರಲ್ಲಿ ಅವರೇ ಮೊದಲಿಗರು. ರಾಜಕುಮಾರನೆಂದು ಯಾರೂ ಗುರುತಿಸದಿರಲೆಂದು ಸ್ಮಿತ್ ಎಂಬ ಸಾಮಾನ್ಯ ಹೆಸರಿನಲ್ಲಿ ಬಹುಕಾಲ ಸೇವೆ ಸಲ್ಲಿಸಿದರು.

ಪೆನ್ಸಿಲ್ವೇನಿಯದ ಅಲೆಘೆನಿ ಬೆಟ್ಟಗಳಲ್ಲಿ ಕ್ಯಾಪ್ಟನ್ ಮೈಕಲ್ ಮೆಗ್ವೈರ್ ಎಂಬವರು ಕಾಡು ಕಡಿದು ಕುಟುಂಬದೊಡನೆ ಬೇಸಾಯಕ್ಕಿಳಿದಿದ್ದರು. 1793ರಲ್ಲಿ ತೀರಿಕೊಳ್ಳುವ ಮುನ್ನ, ಮುಂದೆ ಗುರುಗಳು ಬಂದು ನೆಲೆಸಲೆಂದು 400 ಎಕರೆ ಭೂಮಿಯನ್ನು ಬಿಷಪರಿಗೆ ಒಪ್ಪಿಸಿದ್ದರು. 1796ರಲ್ಲಿ ರೋಗಿಯೊಬ್ಬರ ಕರೆಗೆ ಓಗೊಟ್ಟು ದೂರದಿಂದ ಅಲ್ಲಿಗೆ ಬಂದ ಫಾದರ್ ಗಲಿಟ್ಸಿನ್ ಅವರ ಮನಸ್ಸು ಆ ಬಡ ಬೇಸಾಯಗಾರರಲ್ಲೇ ನೆಟ್ಟಿತು. 1799ರಲ್ಲಿ ಅವರು ಅಲ್ಲಿಯೇ ನೆಲೆಸಿದರು. ಮರದ ದಿಮ್ಮಿಗಳಿಂದ ಎದ್ದ ಪುಟ್ಟ ದೇವಾಲಯದಲ್ಲಿ ಅದೇ ವರ್ಷದ ಕ್ರಿಸ್ಮಸ್‌ಗೆ ಮೊದಲ ಬಲಿಪೂಜೆ ಜರಗಿತು. ಊರಿಗೆ ಲೊರೆಟೊ ಎಂಬ ಹೆಸರಾಯಿತು.

ಸುತ್ತಮುತ್ತ ಬೇರೆ ಗುರುಗಳಿಲ್ಲದ ಕಾಲವದು. ಹಿಮವಿರಲಿ, ಮಳೆಯಿರಲಿ, ಫಾದರ್ ಕಾಡುದಾರಿಯಲ್ಲಿ ಹಳ್ಳಿಯಿಂದ ಹಳ್ಳಿಗೆ ಸಾಗಬೇಕಿತ್ತು. ಜನರ ಹೊಟ್ಟೆಪಾಡನ್ನೂ ಅವರು ಮರೆಯಲಿಲ್ಲ. ಭೂಮಿ ಕೊಂಡು ಕಡಿಮೆ ಬೆಲೆಗೆ ಬಡವರಿಗೆ ಹಂಚಿದರು. ಹಿಟ್ಟಿನ ಗಿರಣಿ, ಮರ ಕೊಯ್ಯುವ ಕಾರ್ಖಾನೆ, ತೊಗಲು ಹದಮಾಡುವ ಕೇಂದ್ರಗಳನ್ನು ಕಟ್ಟಿಸಿದರು. ಇದಕ್ಕೆಲ್ಲ ತಂದೆಯ ಆಸ್ತಿಯನ್ನು ನಂಬಿ ಸಾಲ ಮಾಡಿದ್ದರು. ತಂದೆ 1803ರಲ್ಲಿ ತೀರಿಕೊಂಡಾಗ, ಕಥೋಲಿಕ ಗುರುವಾದ ಮಗನಿಗೆ ರಷ್ಯಾದ ಕಾನೂನು ಆಸ್ತಿಯ ಹಕ್ಕನ್ನು ನಿರಾಕರಿಸಿತು. ಕೋಟ್ಯಧೀಶನಾಗಬೇಕಿದ್ದವರು ವರ್ಷಗಟ್ಟಲೆ ಸಾಲಗಾರರ ಕಾಟ ಸಹಿಸಿದರು, ಪರರ ಮುಂದೆ ಕೈಚಾಚಿದರು. ಕೆಲವು ಸ್ವಂತ ಜನರೇ ಅವರ ವಿರುದ್ಧ ದೂರಿದರು. ಆದರೂ ಅವರು ಲೊರೆಟೊ ಬಿಡಲಿಲ್ಲ. ಬಿಷಪ್ ಪದವಿಯ ಮಾತು ಬಂದಾಗಲೂ ಒಲ್ಲೆನೆಂದರು. ಕುದುರೆಯಿಂದ ಬಿದ್ದು ಕಾಲು ಊನವಾದ ಮೇಲೆ ಜಾರುಬಂಡಿಯಲ್ಲಿ ಕುಳಿತು ಹಳ್ಳಿಗಳನ್ನು ಸುತ್ತಿದರು.

1840ರ ಮೇ 6ರಂದು ಅವರು ಪ್ರಭುವಿನಲ್ಲಿ ನಿದ್ರಿಸಿದರು. ಬೆರಳೆಣಿಕೆಯ ಕುಟುಂಬಗಳಿದ್ದೆಡೆ ಸಾವಿರಾರು ವಿಶ್ವಾಸಿಗಳು ಅಂದು ನೆಲೆಗೊಂಡಿದ್ದರು. ಧರ್ಮಸಭೆ 2005ರಲ್ಲಿ ಅವರಿಗೆ ದೇವರ ಸೇವಕ ಎಂಬ ಗೌರವ ನೀಡಿತು.

ಭೂಮಿ ಬಿಟ್ಟುಕೊಟ್ಟ ರೈತನೂ ಬದುಕನ್ನೇ ಬಿಟ್ಟುಕೊಟ್ಟ ಗುರುವೂ ಪರಸ್ಪರರ ಮುಖ ಕಂಡವರಲ್ಲ. ಒಬ್ಬರು ಹದಗೊಳಿಸಿದ ನೆಲದಲ್ಲಿ ಇನ್ನೊಬ್ಬರು ಬಿತ್ತಿದರು. ಫಲ ಕಾಣದೆಯೂ ಕೊಡುವ ಆ ಮನಸ್ಸು ನಮ್ಮಲ್ಲಿದೆಯೇ ಎಂದು ಮುಂದಿನ ಭಾನುವಾರ ಕಾಣಿಕೆ ಹಾಕುವಾಗ ನಾವು ಕೇಳಿಕೊಳ್ಳೋಣ.