ಇಮಾಮ್ ಗಝ್ಝಾಲಿ(ರ) ಮತ್ತು ಲೆಕ್ಕದ ಪುರಾವೆ

ಖುರಾಸಾನಿನ ತೂಸ್‌ನಲ್ಲಿ ಉಣ್ಣೆಯ ನೂಲು ತೆಗೆದು ಮಾರಿ ಜೀವಿಸುತ್ತಿದ್ದ ಓರ್ವ ಬಡವರಿದ್ದರು. ತಾವು ಓದಿದವರಲ್ಲವಾದರೂ ವಿದ್ವಾಂಸರ ಸಭೆಗಳಲ್ಲಿ ಕುಳಿತು ಕೇಳುತ್ತಿದ್ದರು, ಅಂತಹ ಮಗನನ್ನು ಕರುಣಿಸೆಂದು ಅಲ್ಲಾಹನಲ್ಲಿ ಬೇಡುತ್ತಿದ್ದರು. ಹಿ. 450ರಲ್ಲಿ (ಕ್ರಿ.ಶ. 1058) ಹುಟ್ಟಿದ ಮಗ ಮುಹಮ್ಮದ್, ಅವರ ತಮ್ಮ ಅಹ್ಮದ್. ಮಕ್ಕಳು ಚಿಕ್ಕವರಿರುವಾಗಲೇ ತಂದೆ ತೀರಿಕೊಂಡರು. ಅವರು ಸೂಫಿ ಮಿತ್ರರೊಬ್ಬರ ಕೈಯಲ್ಲಿಟ್ಟು ಹೋಗಿದ್ದ ಅಲ್ಪ ಹಣವೂ ಮುಗಿಯಿತು. ಮದ್ರಸಾ ಸೇರಿದರೆ ಹೊಟ್ಟೆಗಾದರೂ ಸಿಗುತ್ತದೆಂದು ಆ ಮಿತ್ರರು ಹುಡುಗರಿಗೆ ದಾರಿ ತೋರಿಸಿದರು. ವಿದ್ಯೆಗೆ ತಾನು ಕಾಲಿಟ್ಟದ್ದು ಅನ್ನಕ್ಕಾಗಿ ಎಂಬುದನ್ನು ಇಮಾಮ್ ಗಝ್ಝಾಲಿ(ರ) ಎಂದೂ ಮರೆಮಾಚಲಿಲ್ಲ.

ನೀಶಾಪುರದಲ್ಲಿ ಇಮಾಮುಲ್ ಹರಮೈನ್ ಜುವೈನೀ(ರ)ಯವರ ಶಿಷ್ಯರಾದರು. ಗುರುಗಳು ನಿಧನರಾದ ಮೇಲೆ ಸಲ್ಜೂಕರ ವಝೀರ್ ನಿಝಾಮುಲ್ ಮುಲ್ಕ್‌ನ ಆಸ್ಥಾನಕ್ಕೆ ಹೋದರು. ವಾದದಲ್ಲಿ ಅವರೆದುರು ನಿಲ್ಲುವವರಿರಲಿಲ್ಲ. ಹಿ. 484ರಲ್ಲಿ (1091) ವಝೀರನು ಅವರನ್ನು ಬಗ್ದಾದಿನ ನಿಝಾಮಿಯಾ ಮದ್ರಸಾದ ಗುರುವಾಗಿ ನೇಮಿಸಿದಾಗ ವಯಸ್ಸು ಮೂವತ್ತನಾಲ್ಕೂ ದಾಟಿರಲಿಲ್ಲ. ಮುನ್ನೂರು ವಿದ್ಯಾರ್ಥಿಗಳು ಪಾಠಕ್ಕೆ ಕೂರುತ್ತಿದ್ದರು.

ಕೀರ್ತಿಯ ಈ ಮೆಟ್ಟಿಲುಗಳನ್ನು ಎಲ್ಲರೂ ಬಲ್ಲರು. ನಾನು ಹೇಳಹೊರಟದ್ದು ಅವರ ಜೀವನದ ಇನ್ನೊಂದು ಎಳೆ. ಲೆಕ್ಕದೊಂದಿಗೆ ಅವರಿಗಿದ್ದ ಸಂಬಂಧದ್ದು.

ಒಮ್ಮೆ ಅವರನ್ನು ಸಂಶಯವೆಂಬ ರೋಗ ಹಿಡಿಯಿತು. ಯಾವುದನ್ನು ನಿಶ್ಚಿತ ಜ್ಞಾನವೆನ್ನಬೇಕು ಎಂದು ತಮ್ಮನ್ನೇ ಕೇಳಿಕೊಂಡರು. ಮೂರಕ್ಕಿಂತ ಹತ್ತು ದೊಡ್ಡದೆಂಬುದು ಅವರಿಗೆ ನಿಶ್ಚಿತವಾಗಿತ್ತು. ಒಬ್ಬನು ಬಂದು ಹತ್ತಕ್ಕಿಂತ ಮೂರೇ ದೊಡ್ಡದೆಂದು ವಾದಿಸಿ, ಅದಕ್ಕೆ ಪುರಾವೆಯಾಗಿ ಕೋಲನ್ನು ಹಾವಾಗಿಸಿ ತೋರಿಸಿದರೂ ಅವರ ನಿಶ್ಚಯ ಕದಲದು. ಅವನು ಅದನ್ನು ಹೇಗೆ ಮಾಡಿದನೆಂದು ಅಚ್ಚರಿಪಟ್ಟಾರು, ಅಷ್ಟೆ. ನಂತರ ಇಂದ್ರಿಯಗಳ ಮೇಲಿನ ನಂಬಿಕೆ ಹೋಯಿತು, ಬುದ್ಧಿಯ ಮೇಲಿನದೂ ಅಲುಗಿತು. ಸುಮಾರು ಎರಡು ತಿಂಗಳು ಹೀಗೆ ನರಳಿದರು. ಕೊನೆಗೆ ಗುಣವಾದದ್ದು ಪುರಾವೆಗಳನ್ನು ಜೋಡಿಸಿದ್ದರಿಂದಲ್ಲ, ಅಲ್ಲಾಹನು ಎದೆಯಲ್ಲಿ ಹಾಕಿದ ಬೆಳಕಿನಿಂದ ಎಂದು ಅವರೇ ಬರೆದಿಟ್ಟರು.

ಬಗ್ದಾದಿನಲ್ಲಿ ಪಾಠದ ನಡುವಿನ ಬಿಡುವಿನಲ್ಲಿ ಅವರು ತತ್ವಜ್ಞಾನಿಗಳ ಗ್ರಂಥಗಳನ್ನು ಗುರುವಿಲ್ಲದೆ ಓದಿದರು. ಎರಡು ವರ್ಷಕ್ಕೂ ಕಡಿಮೆ ಅವಧಿಯಲ್ಲಿ ಓದಿ, ಮತ್ತೊಂದು ವರ್ಷ ಮೆಲುಕು ಹಾಕಿ, ಹಿ. 488ರಲ್ಲಿ (1095) 'ತಹಾಫುತುಲ್ ಫಲಾಸಿಫ' ಎಂಬ ಕೃತಿಯನ್ನು ಮುಗಿಸಿದರು. ಅದರಲ್ಲಿರುವುದು ಇಪ್ಪತ್ತು ವಿಷಯಗಳ ವಿಮರ್ಶೆ. ತತ್ವಜ್ಞಾನಿಗಳ ಒಂದು ಉಪಾಯವನ್ನು ಅವರು ಅಲ್ಲಿ ಬಯಲಿಗೆಳೆದಿದ್ದಾರೆ. ಲೆಕ್ಕ ಕಲಿಯದವನಿಗೆ ದೇವನ ವಿಷಯ ಅರ್ಥವಾಗದೆಂದು ಹೇಳಿ, ಲೆಕ್ಕದ ಖಚಿತತೆಯನ್ನು ತಮ್ಮ ಊಹೆಗಳಿಗೆ ಹೊದಿಸುತ್ತಿದ್ದರು. ಈರುಳ್ಳಿಯ ಪದರಗಳನ್ನೋ ದಾಳಿಂಬೆಯ ಕಾಳುಗಳನ್ನೋ ಎಣಿಸದೆ ಅದು ಸೃಷ್ಟಿಯೆಂದು ತಿಳಿಯಲಾಗದು ಎಂದಂತಾಯಿತಲ್ಲ ಎಂಬುದು ಇಮಾಮರ ಉತ್ತರ. ಇವರ ದೇವಜ್ಞಾನ ಲೆಕ್ಕದಷ್ಟು ಖಚಿತವಾಗಿದ್ದರೆ, ಲೆಕ್ಕದಲ್ಲಿ ಇಲ್ಲದ ಭಿನ್ನಮತ ಅದರಲ್ಲೇಕೆ ಎಂದೂ ಕೇಳಿದರು.

ಅದೇ ಗ್ರಂಥದ ಪೀಠಿಕೆಯಲ್ಲಿ ಅವರು ನಮ್ಮವರ ಕಡೆಗೂ ತಿರುಗುತ್ತಾರೆ. ಸೂರ್ಯ ಮತ್ತು ನೋಡುವವನ ನಡುವೆ ಚಂದ್ರ ಬಂದಾಗ ಸೂರ್ಯಗ್ರಹಣವಾಗುತ್ತದೆ. ಸಮಯವನ್ನೂ ಪ್ರಮಾಣವನ್ನೂ ಮೊದಲೇ ಹೇಳಬಲ್ಲ ಲೆಕ್ಕವಿದು. ಧರ್ಮದ ಹೆಸರಿನಲ್ಲಿ ಇದನ್ನು ಅಲ್ಲಗಳೆದರೆ, ಲೆಕ್ಕ ಬಲ್ಲವನು ಲೆಕ್ಕವನ್ನು ಶಂಕಿಸುವುದಿಲ್ಲ, ಧರ್ಮವನ್ನೇ ಶಂಕಿಸುತ್ತಾನೆ. ಇಂತಹ ಅಜ್ಞಾನಿ ಮಿತ್ರನಿಂದಾಗುವ ಹಾನಿ ವೈರಿಯಿಂದಾಗುವುದಕ್ಕಿಂತ ಹೆಚ್ಚೆಂದು ಅವರು ಎಚ್ಚರಿಸಿದರು. ಅಲ್ಲಿ ಅವರು ನೆನಪಿಸುವ ಹದೀಸಿನ ಸಂದರ್ಭ ನಮಗೆ ಗೊತ್ತಿರುವುದೇ. ಹಿ. 10ರಲ್ಲಿ (632) ಪ್ರವಾದಿ(ಸ)ಯವರ ಪುಟ್ಟ ಮಗ ಇಬ್ರಾಹೀಮ್(ರ) ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಮಗುವಿಗಾಗಿ ಸೂರ್ಯನೇ ಮಂಕಾದನೆಂದು ಜನರು ಆಡಿಕೊಂಡರು. ಪ್ರವಾದಿತ್ವಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕೇ? ಆದರೆ ಪ್ರವಾದಿ(ಸ)ರು ಅದನ್ನು ಸ್ವೀಕರಿಸಲಿಲ್ಲ. ಸೂರ್ಯಚಂದ್ರರು ಅಲ್ಲಾಹನ ದೃಷ್ಟಾಂತಗಳು, ಯಾರ ಹುಟ್ಟುಸಾವಿಗಾಗಿಯೂ ಅವುಗಳಿಗೆ ಗ್ರಹಣ ಹಿಡಿಯದು ಎಂದು ತಿಳಿಸಿ ನಮಾಝ್‌ಗೆ ನಿಂತರು.

ಇನ್ನು ಇಮಾಮರದೇ ಒಂದು ಲೆಕ್ಕವನ್ನು ನೋಡೋಣ. ಜಗತ್ತಿಗೆ ಆರಂಭವೇ ಇಲ್ಲವೆಂದು ತತ್ವಜ್ಞಾನಿಗಳು ಹೇಳುತ್ತಿದ್ದರು. ಅಂದಿನ ತಿಳುವಳಿಕೆಯಂತೆ ಸೂರ್ಯ ಒಂದು ವರ್ಷದಲ್ಲಿ, ಶನಿ 30 ವರ್ಷದಲ್ಲಿ ಒಂದು ಸುತ್ತು ಮುಗಿಸುತ್ತವೆ. ಆರಂಭವಿಲ್ಲದಿದ್ದರೆ ಎರಡರ ಸುತ್ತುಗಳೂ ಅನಂತವಾಗಿರಬೇಕು. ಹಾಗಿದ್ದೂ ಒಂದು ಇನ್ನೊಂದರ 30ರಲ್ಲಿ ಒಂದು ಪಾಲಾಗುವುದು ಹೇಗೆ? ಆ ಸುತ್ತುಗಳ ಸಂಖ್ಯೆ ಸಮವೋ ಬೆಸವೋ? ಹೀಗೆ ಅವರು ಎದುರಾಳಿಗಳನ್ನು ಕಟ್ಟಿಹಾಕಿದರು. ಪೂರ್ಣಗೊಂಡ ಮೊತ್ತವಿಲ್ಲದ ಕಡೆ ಅನುಪಾತವೂ ಇಲ್ಲವೆಂಬ ಧಾಟಿಯಲ್ಲಿ ಮುಂದಿನ ಶತಮಾನದಲ್ಲಿ ಇಬ್ನು ರುಶ್ದ್ ಉತ್ತರಿಸಿದರು. 19ನೆಯ ಶತಮಾನದಲ್ಲಿ ಜರ್ಮನಿಯ ಗಣಿತಜ್ಞ ಕ್ಯಾಂಟರ್ ಅನಂತದ ಲೆಕ್ಕವನ್ನೇ ಬೇರೆ ರೀತಿ ಕಟ್ಟಿದರು. 1ಕ್ಕೆ 30, 2ಕ್ಕೆ 60, 3ಕ್ಕೆ 90 ಎಂದು ಜೋಡಿ ಮಾಡುತ್ತಾ ಹೋದರೆ ಯಾವ ಕಡೆಯೂ ಒಂದೂ ಮಿಗುವುದಿಲ್ಲ, ಕೊರೆಯುವುದೂ ಇಲ್ಲ. ಅನಂತದಲ್ಲಿ ಭಾಗವೂ ಇಡಿಯೂ ಸರಿಸಮವಾಗಬಲ್ಲವು. ಆದ್ದರಿಂದ ಇಂದಿನ ಗಣಿತದಲ್ಲಿ ಇಮಾಮರ ಈ ಪ್ರಶ್ನೆ ಮಾತ್ರದಿಂದ ಎದುರಾಳಿ ಸೋಲುವುದಿಲ್ಲ.

ಇದನ್ನು ಓದಿದಾಗ ನನಗೆ ಸ್ವಲ್ಪ ಕಸಿವಿಸಿಯಾದದ್ದು ನಿಜ. ಆದರೆ ಜಗತ್ತು ಸೃಷ್ಟಿಯೆಂಬ ಅವರ ವಿಶ್ವಾಸ ಶನಿಯ ಸುತ್ತುಗಳ ಮೇಲೆ ನಿಂತಿರಲಿಲ್ಲ. ಆ ಗ್ರಂಥದಲ್ಲಿ ತನ್ನ ಕೆಲಸ ಎದುರಾಳಿಯ ಕಟ್ಟಡವನ್ನು ಕೆಡವುವುದೇ ಹೊರತು ಕಟ್ಟುವುದಲ್ಲವೆಂದು ಅವರೇ ಹೇಳಿದ್ದರು.

ಒಮ್ಮೆ ನನ್ನ ವಿದ್ಯಾರ್ಥಿಯೊಬ್ಬ ಕರಪತ್ರವೊಂದನ್ನು ತಂದ. ಕುರ್‌ಆನಿನಲ್ಲಿ ದಿನ ಎಂಬ ಪದ ಸರಿಯಾಗಿ 365 ಬಾರಿ ಇದೆಯೆಂದು ಅದರಲ್ಲಿತ್ತು. ಪದಸೂಚಿ ತೆಗೆದು ಇಬ್ಬರೂ ಎಣಿಸಿದೆವು. 'ಯವ್ಮಇದಿನ್' ಎಂಬ ರೂಪವನ್ನೂ, ಸರ್ವನಾಮ ಸೇರಿದ ರೂಪಗಳನ್ನೂ, ಬಹುವಚನವನ್ನೂ ಬಿಟ್ಟರೆ ಮಾತ್ರ ಆ ಸಂಖ್ಯೆ ಬರುತ್ತದೆ. ಹುಡುಗನ ಮುಖ ಬಾಡಿತು. ಈ ದಾರಿಯ ತುದಿ ಎಲ್ಲಿಗೆ ಮುಟ್ಟುತ್ತದೆಂದು ಅವನಿಗೆ ಹೇಳಿದೆ. 19ರ ಲೆಕ್ಕವನ್ನು ಹರಡಿದ ರಶಾದ್ ಖಲೀಫಾ ಎಂಬವನು, ಲೆಕ್ಕ ಕೂಡದಾದಾಗ ಲೆಕ್ಕವನ್ನು ಬಿಡಲಿಲ್ಲ. ಸೂರಃ ಅತ್ತೌಬದ ಕೊನೆಯ ಎರಡು ಸೂಕ್ತಗಳನ್ನೇ ಕುರ್‌ಆನಿನದ್ದಲ್ಲವೆಂದು ಕೈಬಿಟ್ಟ. ಅಲ್ಲಾಹನು ಕಾಪಾಡಲಿ.

'ತಹಾಫುತ್' ಮುಗಿದ ವರ್ಷವೇ ಇಮಾಮರ ನಾಲಗೆ ಕಟ್ಟಿತು. ಪಾಠ ಹೇಳಲು ಬಾಯಿ ತೆರೆದರೆ ಮಾತು ಹೊರಡದು, ಅನ್ನ ನೀರು ಇಳಿಯದು. ವೈದ್ಯರು ಕೈಚೆಲ್ಲಿದರು. ತನ್ನ ಬೋಧನೆ ಅಲ್ಲಾಹನ ಸಂತೃಪ್ತಿಗಾಗಿ ಅಲ್ಲ, ಹೆಸರಿಗಾಗಿ ಎಂಬ ಅರಿವು ಅವರನ್ನು ಒಳಗಿನಿಂದ ಸುಡುತ್ತಿತ್ತು. ಮನೆಯವರಿಗೆ ಬೇಕಾದಷ್ಟನ್ನು ಇಟ್ಟು ಉಳಿದದ್ದನ್ನು ದಾನ ಮಾಡಿ ಬಗ್ದಾದ್ ಬಿಟ್ಟರು. ದಮಸ್ಕಸ್, ಬೈತುಲ್ ಮುಕದ್ದಸ್, ಬಳಿಕ ಹಜ್ಜ್. 'ಇಹ್ಯಾ ಉಲೂಮಿದ್ದೀನ್' ಈ ಅಲೆದಾಟದ ಕಾಲದ ಫಲ.

ಹಿ. 499ರಲ್ಲಿ (1106) ಮತ್ತೆ ನೀಶಾಪುರದಲ್ಲಿ ಪಾಠಕ್ಕೆ ಕುಳಿತರು. ಆತ್ಮಕಥೆಯಂತಿರುವ 'ಅಲ್‌ಮುನ್ಕಿದ್'ನಲ್ಲಿ ಹಳೆಯ ಕೋಲು-ಹಾವಿನ ವಿಷಯಕ್ಕೆ ಮರಳಿದರು. ಪವಾಡದಿಂದ ಪ್ರವಾದಿತ್ವವನ್ನು ಸಾಧಿಸುವ ಜೋಡಣೆಯ ವಾದವೊಂದರ ಮೇಲೆಯೇ ನಿನ್ನ ವಿಶ್ವಾಸ ನಿಂತಿದ್ದರೆ, ಅಷ್ಟೇ ಜಾಣತನದ ಇನ್ನೊಂದು ವಾದ ಅದನ್ನು ಮುರಿದೀತು ಎಂದು ಬರೆದರು. ವೈದ್ಯಶಾಸ್ತ್ರ ಬಲ್ಲವನು ಒಳ್ಳೆಯ ವೈದ್ಯನನ್ನು ಗುರುತಿಸುವಂತೆ, ಕುರ್‌ಆನ್ ಹದೀಸ್‌ಗಳಲ್ಲಿ ಮುಳುಗಿ, ಪ್ರವಾದಿ(ಸ) ಕಲಿಸಿದ್ದನ್ನು ಸಾವಿರ ಬಾರಿ ಆಚರಿಸಿ ನೋಡಿದವನಿಗೆ ಪ್ರವಾದಿಯ ಗುರುತು ಹತ್ತುತ್ತದೆ ಎಂಬುದು ಅವರ ಅನುಭವ.

ಕೊನೆಯ ದಿನಗಳಲ್ಲಿ ಹುಟ್ಟೂರು ತೂಸ್‌ನಲ್ಲಿ ಮನೆಯ ಪಕ್ಕ ಮದ್ರಸಾ ಕಟ್ಟಿಸಿ, ವಾದಗಳನ್ನೆಲ್ಲ ಬದಿಗಿಟ್ಟು ಬುಖಾರಿ, ಮುಸ್ಲಿಮ್‌ಗಳ ಹದೀಸ್ ಓದಲು ಕುಳಿತರು. ಹಿ. 505ರ ಜುಮಾದಲ್ ಆಖಿರ 14ರ (1111ರ ಡಿಸೆಂಬರ್ 18) ಸೋಮವಾರ ಬೆಳಿಗ್ಗೆ ವುಝೂ ಮಾಡಿ ಫಜ್ರ್ ನಮಾಝ್ ನಿರ್ವಹಿಸಿದರು. ಕಫನ್ ತರಿಸಿ, ಮುತ್ತಿಟ್ಟು, ಕಣ್ಣಿಗೊತ್ತಿಕೊಂಡು, ಕಿಬ್ಲಾದ ಕಡೆ ಕಾಲು ಚಾಚಿ ಮಲಗಿದರೆಂದು ತಮ್ಮ ಅಹ್ಮದ್ ತಿಳಿಸಿದ್ದಾರೆ. ಬೆಳಕು ಪೂರ್ತಿ ಹರಿಯುವ ಮುನ್ನವೇ ಉಸಿರು ನಿಂತಿತ್ತು.