ನೂರು ವರ್ಷ ಬದುಕಿದ ಕೃಷ್ಣಮಾಚಾರ್ಯರು: ಫಾರ್ವರ್ಡ್‌ನಲ್ಲಿ ನಿಜವೆಷ್ಟು, ಅಪಾಯವೆಷ್ಟು?

ಯೋಗಗುರುವೊಬ್ಬರು 96ನೇ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಬೇಡವೆಂದರು. ಹಾಸಿಗೆಯಲ್ಲೇ ವ್ಯಾಯಾಮ ಮಾಡುತ್ತ ನೂರು ದಾಟಿದರು. ಇಂಥ ಕಥೆ ಮೊಬೈಲ್‌ಗೆ ಬಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಫ್ಯಾಮಿಲಿ ಗ್ರೂಪುಗಳಲ್ಲಿ ಹರಡಲು ಹೆಚ್ಚು ಹೊತ್ತು ಬೇಕಿಲ್ಲ.

ಕಥೆ ಸುಳ್ಳಲ್ಲ. ಆದರೆ ಅದರ ಕೊನೆಗೆ ಯೋಗವೊಂದಿದ್ದರೆ ಆಪರೇಷನ್ ಬೇಡ, ಶುಗರ್ ಮಾತ್ರೆಯೂ ಬೇಡ ಎಂಬ ಸಾಲು ಅಂಟಿಕೊಂಡರೆ ಅದು ಪ್ರಾಣಕ್ಕೆ ಕುತ್ತು. ಹಾಗಾಗಿ ಆ ಗುರುವಿನ ಬದುಕನ್ನು ಒಮ್ಮೆ ಸರಿಯಾಗಿ ನೋಡೋಣ.

ಯಾರು ಈ ಕೃಷ್ಣಮಾಚಾರ್ಯ?

ತಿರುಮಲೈ ಕೃಷ್ಣಮಾಚಾರ್ಯರು ಹುಟ್ಟಿದ್ದು 1888ರ ನವೆಂಬರ್ 18ರಂದು, ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು. ಮೈಸೂರಿನಲ್ಲಿ, ಆಮೇಲೆ ಕಾಶಿಯಲ್ಲಿ ಶಾಸ್ತ್ರ ಓದಿದರು. ಮಾನಸ ಸರೋವರದ ಬಳಿ ಏಳು ವರ್ಷಕ್ಕೂ ಹೆಚ್ಚು ಕಾಲ ಗುರುವಿನ ಹತ್ತಿರ ಯೋಗ ಕಲಿತದ್ದಾಗಿ ಅವರು ಹೇಳಿಕೊಂಡಿದ್ದರು. ಇದಕ್ಕೆ ಅವರ ಮಾತೇ ಆಧಾರ.

ಊರಿಗೆ ಮರಳಿದ ಮೇಲೆ ಬಡತನ ಬಿಡಲಿಲ್ಲ. ಇಷ್ಟೆಲ್ಲ ಓದಿದ ಪಂಡಿತರು ಹೊಟ್ಟೆಪಾಡಿಗೆ ಹಾಸನ ಸೀಮೆಯ ಕಾಫಿ ತೋಟದಲ್ಲಿ ಕೆಲಸ ಮಾಡಿದರು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರನ್ನು ಗುರುತಿಸಿ ಕರೆಸಿಕೊಂಡ ಮೇಲೆ ಕಾಲ ಬದಲಾಯಿತು. 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಶುರುವಾಯಿತು. ಮರುವರ್ಷ ಅವರು ಯೋಗ ಮಕರಂದ ಎಂಬ ಪುಸ್ತಕ ಬರೆದರು, ಅದೂ ಕನ್ನಡದಲ್ಲಿ. ಬಿ.ಕೆ.ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸ್, ಇಂದ್ರಾದೇವಿ ಎಲ್ಲರೂ ಇವರ ಶಿಷ್ಯರೇ. ಇಂದು ಜಗತ್ತಿನಾದ್ಯಂತ ನಡೆಯುವ ಯೋಗ ತರಗತಿಗಳ ಬೇರು ಹುಡುಕುತ್ತ ಹೋದರೆ ಹಲವು ಈ ಮೈಸೂರು ಶಾಲೆಗೇ ಬಂದು ನಿಲ್ಲುತ್ತವೆ.

1950ರಲ್ಲಿ ಆ ಶಾಲೆ ಮುಚ್ಚಿತು. ಅರುವತ್ತು ದಾಟಿದ ಕೃಷ್ಣಮಾಚಾರ್ಯರು ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು. 1952ರ ಹೊತ್ತಿಗೆ ಮದ್ರಾಸಿಗೆ ಹೋಗಿ ನೆಲೆಸಿದರು. ಅಲ್ಲಿ ಅವರ ಪಾಠದ ರೀತಿ ಬದಲಾಯಿತು. ಎಲ್ಲರಿಗೂ ಒಂದೇ ಆಸನವಲ್ಲ. ವಯಸ್ಸು, ಶಕ್ತಿ, ಕಾಯಿಲೆ ನೋಡಿ ಒಬ್ಬೊಬ್ಬರಿಗೆ ಒಂದೊಂದು ಅಭ್ಯಾಸ. 1989ರ ಫೆಬ್ರವರಿ 28ರಂದು, ನೂರು ತುಂಬಿದ ಮೇಲೆ, ಅವರು ತೀರಿಕೊಂಡರು.

ಹೃದಯ ನಿಲ್ಲಿಸಿದ್ದರೇ?

ಕೃಷ್ಣಮಾಚಾರ್ಯರು ಹೃದಯ ಬಡಿತ ನಿಲ್ಲಿಸುತ್ತಿದ್ದರು ಎಂಬ ಮಾತೂ ಓಡಾಡುತ್ತದೆ. ಫ್ರಾನ್ಸಿನ ವೈದ್ಯೆ ತೆರೇಸ್ ಬ್ರಾಸ್ 1935ರ ಸುಮಾರಿಗೆ ಭಾರತಕ್ಕೆ ಬಂದು ಯೋಗಿಗಳ ಹೃದಯವನ್ನು ಯಂತ್ರದಿಂದ ಅಳೆದದ್ದು ನಿಜ. ಆದರೆ ಇಂಥ ಸಾಧಕರನ್ನು ಮತ್ತೆ ಪರೀಕ್ಷಿಸಿದ ವಿಜ್ಞಾನಿಗಳು 1961ರಲ್ಲಿ ಪ್ರಕಟಿಸಿದ್ದೇ ಬೇರೆ. ಉಸಿರು ಬಿಗಿಹಿಡಿದು ಎದೆ, ಹೊಟ್ಟೆಯ ಸ್ನಾಯು ಬಿಗಿದರೆ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ನಾಡಿ ಕೈಗೆ ಸಿಗುವುದಿಲ್ಲ, ಬಡಿತ ಕಿವಿಗೆ ಕೇಳಿಸುವುದಿಲ್ಲ. ಇಸಿಜಿಯಲ್ಲಿ ಮಾತ್ರ ಹೃದಯ ಮಿಡಿಯುತ್ತಲೇ ಇರುತ್ತದೆ. ಅಂದರೆ ಅಲ್ಲಿದ್ದದ್ದು ಸ್ನಾಯುವಿನ ಮೇಲಿನ ಅಸಾಮಾನ್ಯ ಹಿಡಿತ, ಪವಾಡವಲ್ಲ.

ನಿಜವಾದ ಗುಟ್ಟು ಸ್ನಾಯುವಿನಲ್ಲಿದೆ

ನಡುವಯಸ್ಸು ದಾಟುತ್ತಿದ್ದಂತೆ ನಮ್ಮ ಸ್ನಾಯು ನಿಧಾನವಾಗಿ ಕರಗುತ್ತದೆ. ಅರುವತ್ತರ ನಂತರ ಈ ಇಳಿಕೆ ಚುರುಕಾಗುತ್ತದೆ. ಇದು ಬರೀ ಬಲದ ಮಾತಲ್ಲ. ಉಂಡ ರೊಟ್ಟಿ, ಅನ್ನ ರಕ್ತದಲ್ಲಿ ಸಕ್ಕರೆಯಾದಾಗ ಇನ್ಸುಲಿನ್ ಅದರ ದೊಡ್ಡ ಪಾಲನ್ನು ತುಂಬಿಡುವುದು ಸ್ನಾಯುವಿನಲ್ಲೇ. ಸ್ನಾಯು ಹಗೇವು ಇದ್ದಂತೆ. ಹಗೇವು ಚಿಕ್ಕದಾದರೆ ಕಾಳು ಅಂಗಳದಲ್ಲೇ ಉಳಿಯುತ್ತದೆ, ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ.

ಇನ್ನೊಂದು ಸಂಗತಿ ಇದೆ. ಸ್ನಾಯು ದುಡಿಯುವಾಗ ಇನ್ಸುಲಿನ್ ಸಹಾಯವಿಲ್ಲದೆಯೂ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಆಮೇಲೆ ಒಂದೆರಡು ದಿನ ಇನ್ಸುಲಿನ್‌ಗೆ ಚೆನ್ನಾಗಿ ಸ್ಪಂದಿಸುತ್ತದೆ. ಅದಕ್ಕೇ ಸತತ ಎರಡು ದಿನ ವ್ಯಾಯಾಮ ತಪ್ಪಿಸಬೇಡಿ ಎಂದು ವೈದ್ಯರು ಹೇಳುವುದು.

ವಯಸ್ಸಾಯಿತು, ಇನ್ನೇನು ಎನ್ನುವವರಿಗೆ ಒಂದು ಮಾಹಿತಿ. 1990ರಲ್ಲಿ ಅಮೆರಿಕದ ವೃದ್ಧಾಶ್ರಮವೊಂದರಲ್ಲಿ 86ರಿಂದ 96 ವರ್ಷದವರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಮುಗಿಸಿದವರ ಕಾಲಿನ ಬಲ ಸರಾಸರಿ 174 ಪರ್ಸೆಂಟ್ ಹೆಚ್ಚಿತು. ಸ್ನಾಯುವಿಗೆ ನಿವೃತ್ತಿಯ ವಯಸ್ಸಿಲ್ಲ.

ಹಾಗಾದರೆ ಮುರಿದ ಸೊಂಟದ ಕಥೆ?

ಆ ಕಥೆಯಲ್ಲಿ ಎರಡು ಭಾಗಗಳಿವೆ. ಹಾಸಿಗೆಯಲ್ಲಿದ್ದರೂ ಮೈಯನ್ನು ಸುಮ್ಮನೆ ಬಿಡಲಿಲ್ಲ ಎಂಬುದು ನಾವು ಕಲಿಯಬೇಕಾದ ಭಾಗ. ವಯಸ್ಸಾದವರು ಹತ್ತು ದಿನ ಪೂರ್ತಿ ಮಲಗಿದರೆ ಕಾಲಿನ ಸ್ನಾಯು ಸುಮಾರು ಒಂದು ಕಿಲೋದಷ್ಟು ಕರಗಬಹುದು.

ಆಪರೇಷನ್ ಬೇಡವೆಂದದ್ದು ಮಾತ್ರ ಅನುಕರಿಸುವ ಭಾಗವಲ್ಲ. ದಶಕಗಳ ಕಾಲ ದಿನವೂ ಅಭ್ಯಾಸ ಮಾಡಿದ ಒಬ್ಬರ ದೇಹ ತಾಳಿಕೊಂಡಿತೆಂದು ನಿಮ್ಮ ಅಜ್ಜಿಯ ದೇಹವೂ ತಾಳುತ್ತದೆ ಎನ್ನಲಾಗದು. ಸೊಂಟದ ಮೂಳೆ ಮುರಿದವರು ಮಲಗೇ ಉಳಿದರೆ ನ್ಯುಮೋನಿಯಾ, ಹಾಸಿಗೆ ಹುಣ್ಣು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ. ಸಾಮಾನ್ಯವಾಗಿ ಎರಡು ದಿನದೊಳಗೆ ಆಪರೇಷನ್ ಮಾಡಿ, ಮರುದಿನವೇ ಎಬ್ಬಿಸಿ ನಿಲ್ಲಿಸುವುದು ಇಂದಿನ ಕ್ರಮ. ಮನೆಯಲ್ಲಿ ಹಿರಿಯರು ಬಿದ್ದು ಮೇಲೇಳಲಾಗದಿದ್ದರೆ ಎಣ್ಣೆ ತಿಕ್ಕುತ್ತ ವಾರ ಕಳೆಯಬೇಡಿ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ನೀವು ಏನು ಮಾಡಬಹುದು?

ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ. ಊಟವಾದ ಮೇಲೆ ಕಟ್ಟೆಗೆ ಹೋಗಿ ಕೂರುವ ಮೊದಲು ಹತ್ತು ಹದಿನೈದು ನಿಮಿಷ ನಡೆದರೂ ಲಾಭವಿದೆ. ವಾರಕ್ಕೆ ಎರಡು ದಿನವಾದರೂ ಬಲದ ವ್ಯಾಯಾಮ: ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳುವುದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು. ಹೊಲದಲ್ಲಿ, ನಿಂಬೆ ತೋಟದಲ್ಲಿ ಮೈಮುರಿದು ದುಡಿಯುವವರಿಗೆ ಅರ್ಧ ಕೆಲಸ ಆದಂತೆಯೇ. ಆದರೆ ಈಗ ಟ್ರಾಕ್ಟರ್ ದುಡಿದು ನಾವು ಬದುವಿನ ಮೇಲೆ ನಿಂತಿದ್ದರೆ ಅದು ಲೆಕ್ಕಕ್ಕಿಲ್ಲ.

ಶುಗರ್ ಇದ್ದವರು ಮಾತ್ರೆ, ಇನ್ಸುಲಿನ್ ತಾವಾಗಿ ನಿಲ್ಲಿಸಬಾರದು. ವ್ಯಾಯಾಮದಿಂದ ಸಕ್ಕರೆ ಇಳಿದರೆ ಡೋಸ್ ಕಡಿಮೆ ಮಾಡುವುದು ವೈದ್ಯರ ಕೆಲಸ. ನಡೆಯುವಾಗ ಜೇಬಿನಲ್ಲಿ ಒಂದಿಷ್ಟು ಸಕ್ಕರೆ ಅಥವಾ ಬೆಲ್ಲ ಇರಲಿ. ಬೆವರು, ನಡುಕ ಬಂದರೆ ಬಾಯಿಗೆ ಹಾಕಿಕೊಳ್ಳಿ. ಬರಿಗಾಲಲ್ಲಿ ನಡೆಯಬೇಡಿ. ಶುಗರ್‌ನಿಂದ ಕಣ್ಣಿನ ನರಕ್ಕೆ ತೊಂದರೆ ಆಗಿದ್ದರೆ ಶೀರ್ಷಾಸನದಂಥ ತಲೆಕೆಳಗಿನ ಆಸನ ಬೇಡ.

ಒಬ್ಬೊಬ್ಬರಿಗೆ ಒಂದೊಂದು ಅಭ್ಯಾಸ ಎಂಬುದು ಕೃಷ್ಣಮಾಚಾರ್ಯರದೇ ದಾರಿ. ಅವರ ಹೆಸರಿನಲ್ಲಿ ಎಲ್ಲರಿಗೂ ಒಂದೇ ಮದ್ದು ಹೇಳುವ ಸಂದೇಶ ಬಂದರೆ, ಮುಂದೆ ಕಳಿಸುವ ಮೊದಲು ಇದನ್ನು ನೆನಪಿಸಿಕೊಳ್ಳಿ.