ಕುರ್ಚಿ ಬಿಟ್ಟ ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆ

ಕೆ. ಎಸ್. ಹೆಗ್ಡೆಯವರು 1909ರ ಜೂನ್ 11ರಂದು ನಮ್ಮ ಜಿಲ್ಲೆಯ ಕಾರ್ಕಳ ತಾಲೂಕಿನ ಕೌಡೂರಿನಲ್ಲಿ ಜನಿಸಿದರು. ಊರಿನ ಶಾಲೆ, ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜುಗಳಲ್ಲಿ ಕಲಿತು, ಮದ್ರಾಸಿನಲ್ಲಿ ಕಾನೂನು ಓದಿ ವಕೀಲರಾದರು. 1952ರಲ್ಲಿ ಕಾಂಗ್ರೆಸ್ಸಿನಿಂದ ರಾಜ್ಯಸಭೆಗೆ ಹೋದರು. 1957ರಲ್ಲಿ ಆ ಸ್ಥಾನ ಬಿಟ್ಟು ಮೈಸೂರು ಹೈಕೋರ್ಟಿನ ನ್ಯಾಯಾಧೀಶರಾದರು. 1967ರಲ್ಲಿ ಸುಪ್ರೀಂ ಕೋರ್ಟಿಗೆ ಬಂದರು.

1973ರ ಏಪ್ರಿಲ್ 24ರಂದು, ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಹೂಡಿದ್ದ ಮೊಕದ್ದಮೆಯ ತೀರ್ಪು ಬಂತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ರಚನೆಯನ್ನು ಕೆಡಿಸುವಂತಿಲ್ಲ ಎಂದು 13 ನ್ಯಾಯಾಧೀಶರಲ್ಲಿ 7 ಮಂದಿ ಹೇಳಿದರು. ಅವರಲ್ಲಿ ಹೆಗ್ಡೆಯವರೂ ಒಬ್ಬರು. ಆಗ ಇದ್ದದ್ದು ಅವರ ಹಳೆಯ ಪಕ್ಷದ್ದೇ ಸರ್ಕಾರ.

ಕೂಡಲೇ ಸರ್ಕಾರ ಹಿರಿಯರಾದ ಶೆಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ಬಿಟ್ಟು ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟರು. ಕಾಮರ್ಸ್ ಓದುವ ನಾನು ಲೆಕ್ಕ ಹಾಕಿ ನೋಡಿದೆ. ನಿವೃತ್ತಿ 65ಕ್ಕೆ. ಸುಮ್ಮನಿದ್ದರೆ 1974ರ ಜೂನ್‌ವರೆಗೆ ಹುದ್ದೆ, ಸಂಬಳ ಎರಡೂ ಇದ್ದವು. ಆದರೂ ಇದನ್ನು ನಷ್ಟದ ಕಡೆ ಬರೆಯಲು ನನಗೆ ಮನಸ್ಸಿಲ್ಲ.

1977ರಲ್ಲಿ ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣದಲ್ಲಿ ಗೆದ್ದು ಲೋಕಸಭೆಯ ಸ್ಪೀಕರ್ ಆದರು. 1979ರಲ್ಲಿ ನಿಟ್ಟೆ ಎಜುಕೇಶನ್ ಟ್ರಸ್ಟ್ ಸ್ಥಾಪಿಸಿದರು. 1990ರ ಮೇ 24ರಂದು ನಿಧನರಾದರು.

ಸ್ನೇಹಿತರೇ, ಅಲ್ಪಸಂಖ್ಯಾತರು ತಮ್ಮ ಶಾಲೆ, ಕಾಲೇಜು ನಡೆಸಬಹುದೆಂದು ಸಂವಿಧಾನದ 30ನೇ ವಿಧಿ ಹೇಳುತ್ತದೆ. ನಮ್ಮ ಕಾಲೇಜು ಇರುವುದು ಆ ಹಕ್ಕಿನ ನೆರಳಿನಲ್ಲಿ. ಸಂವಿಧಾನ ಸರ್ಕಾರಕ್ಕಿಂತ ದೊಡ್ಡದೆಂದು ತೀರ್ಪು ಕೊಟ್ಟವರಲ್ಲಿ ಒಬ್ಬರು ನಮ್ಮ ಪಕ್ಕದ ತಾಲೂಕಿನವರು ಎಂಬುದು ನಮಗೆಲ್ಲ ತಿಳಿದಿರಲಿ.